ಹೆಸರೊಂದೇ ಅವಳ ಪಾಲು

ನನ್ನ ಮೊಮ್ಮಗಳು ಅಳದೆ ಹುಟ್ಟಿದಳು. ಏಳು ತಿಂಗಳು ಇನ್ನೂ ತುಂಬಿರಲಿಲ್ಲ. ಅಳದೆ ಹುಟ್ಟಿದ ಮಗುವಿನ ಕಿವಿಯಲ್ಲಿ ನಮ್ಮವರು ಅಜಾನ್ ಹೇಳುವುದಿಲ್ಲ. ಏಳನೆಯ ದಿನ ಕೂದಲು ತೆಗೆಸಿ, ಕುರಿ ಕೊಯ್ದು, ನೆಂಟರಿಗೆ ಊಟ ಹಾಕುವುದಿಲ್ಲ. ಮಣ್ಣು ಮಾಡುವಾಗ ನಮಾಜು ಕೂಡ ಇಲ್ಲ, ನಮ್ಮ ಮನೆತನ ನಡೆಸಿಕೊಂಡು ಬಂದ ಪದ್ಧತಿಯಲ್ಲಿ. ತೊಳೆದು, ಬಿಳಿ ಬಟ್ಟೆ ಸುತ್ತಿ, ಒಂದು ಹೆಸರಿಟ್ಟು ಮಣ್ಣಿಗೆ ಕೊಡುತ್ತಾರೆ. ಕೊನೆಯ ದಿನ ಎಲ್ಲರನ್ನೂ ಹೆಸರು ಹಿಡಿದು ಕರೆಯುವಾಗ ಆ ಮಗುವನ್ನೂ ಕರೆಯಬೇಕಲ್ಲ, ಅದಕ್ಕೆ. ಈ ಲೋಕದಲ್ಲಿ ಅವಳ ಪಾಲಿಗೆ ಬರಬೇಕಾಗಿದ್ದದ್ದು ಅಷ್ಟೇ, ಒಂದು ಹೆಸರು. ಅದನ್ನು ಹುಡುಕುವ ಕೆಲಸವನ್ನು ಮಗಳು ಎರಡು ತಿಂಗಳ ಹಿಂದೆಯೇ ನನಗೆ ಒಪ್ಪಿಸಿದ್ದಳು.

ನನಗೇ ಯಾಕೆ ಅಂದರೆ, ನಾನು ಕೋಲ್ಕತ್ತದ ಒಂದು ಕಾಲೇಜಿನಲ್ಲಿ ಅರಬ್ಬಿ ಕಲಿಸುತ್ತೇನೆ. ಹುಟ್ಟಿದ್ದು ಧಾರವಾಡದ ಕಡೆಯ ಹತ್ತಿ ಹಿಂಜುವ ಮನೆಯಲ್ಲಿ. ನಮ್ಮನ್ನು ಪಿಂಜಾರರು ಅಂತಲೂ ನದಾಫರು ಅಂತಲೂ ಕರೆಯುತ್ತಾರೆ. ನಮ್ಮ ಮನೆಮಾತು ಕನ್ನಡ. ಇದನ್ನು ಹೇಳಿದರೆ ಕೋಲ್ಕತ್ತದಲ್ಲಿ ಯಾರೂ ನಂಬುವುದಿಲ್ಲ, ಊರಲ್ಲಿ ನಂಬಿದವರು ನಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ಉರ್ದು ಆಡುವ ದೂರದ ನೆಂಟರು ಹಾಸಿಗೆ ಹಿಂಜಿಸಿಕೊಳ್ಳಲು ಮನೆಗೆ ಬರುತ್ತಿದ್ದರು. ಇವರು ಹಸಿವು ನೀರಡಿಕೆ ಹೋಗಲಿ, ದುವಾ ಕೂಡ ಕನ್ನಡದಲ್ಲೇ ಕೇಳುತ್ತಾರೆ ಅಂತ ತಮ್ಮತಮ್ಮಲ್ಲೇ ಆಡಿಕೊಂಡು ನಗುತ್ತಿದ್ದರು. ಅಪ್ಪ ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡು, ಹಿಂಜುವ ಕಮಾನು ಬಾರಿಸುತ್ತ, ಅವರ ಜೊತೆ ತಾನೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರ ಉರ್ದುವಿಗಿಂತ ಒಂದು ಕೈ ಮೇಲೆ ಹೋಗಿ ಅರಬ್ಬಿಯನ್ನೇ ಕಲಿತು ಬಂದು ಎಲ್ಲರ ಬಾಯಿ ಮುಚ್ಚಿಸುತ್ತೇನೆ ಅಂತ ಹಟಕ್ಕೆ ಬಿದ್ದು ಓದಿದೆ.

ಓದಿದ ಮೇಲೆ ಗೊತ್ತಾದದ್ದೇನು? ಆ ಅಪ್ಪಟ ಅರಬ್ಬಿಯೇ ನೆರೆಮನೆಯಿಂದ ಕೈಗಡ ತಂದ ಪಾತ್ರೆಗಳಿಂದ ತುಂಬಿತ್ತು. ನೀರಿನ ಹೂಜಿಗೆ ಅವರು ಇಬ್ರೀಕ್ ಅನ್ನುತ್ತಾರೆ, ಅದು ಫಾರ್ಸಿಯ ‘ನೀರು ಸುರಿ’ ಎಂಬ ಮಾತು. ಅವರ ಚಲ್ಲಣದ ಹೆಸರು ಫಾರ್ಸಿಯದು. ಆನೆಗೆ ಹೇಳುವ ಫೀಲ್, ಫಾರ್ಸಿಯ ಪೀಲ್. ಗಂಟಲಿನ ಆಳದಿಂದ ಎಂಥೆಂಥ ಸದ್ದು ತೆಗೆಯುವ ಜನಕ್ಕೆ, ನಮ್ಮ ಹಸುಗೂಸುಗಳು ಮೊದಲು ಆಡುವ ‘ಪ’ ಬರುವುದಿಲ್ಲ, ‘ಗ’ ಬರುವುದಿಲ್ಲ. ಆದ್ದರಿಂದ ಬಂದ ಪದವನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. ಹೀಗೆ ಹೊರಗಿನಿಂದ ಬಂದು ಮನೆಯದೇ ಆಗಿಹೋದ ಪದಕ್ಕೆ ಮುಅರ್ರಬ್, ಅಂದರೆ ಅರಬ್ಬಿಯಾದದ್ದು, ಎಂದು ಅವರೇ ಹೆಸರಿಟ್ಟಿದ್ದಾರೆ. ಕಾಲೇಜಿನ ಗ್ರಂಥಾಲಯದಲ್ಲಿ ಒಬ್ಬಳೇ ಕೂತು ಎಷ್ಟು ನಕ್ಕಿದ್ದೆ ಅಂದರೆ ಪಕ್ಕದಲ್ಲಿದ್ದವರು ಎದ್ದು ಬೇರೆ ಮೇಜಿಗೆ ಹೋದರು. ಇಷ್ಟೇನಾ ನಿಮ್ಮ ಠೀವಿ ಅನ್ನಿಸಿತ್ತು. ಆ ಹೊತ್ತಿನಿಂದ ಇಂಥ ಪದಗಳ ಬೆನ್ನು ಹತ್ತಿದವಳು ಇವತ್ತಿಗೂ ಬಿಟ್ಟಿಲ್ಲ.

ಮದುವೆಯಾಗಿ ಕೋಲ್ಕತ್ತಕ್ಕೆ ಬಂದೆ. ನನ್ನ ಗಂಡನೂ ನಮ್ಮ ಕಡೆಯವರೇ, ಬಂದರಿನಲ್ಲಿ ನೌಕರಿ. ಬಂದರಿನ ಪಕ್ಕದ ಖಿದಿರ್‌ಪುರದಲ್ಲೇ ಮನೆ. ಮಗಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದಳು. ಅವಳಿಗೆ ಕನ್ನಡ ಕಿವಿಗೆ ಚೆನ್ನಾಗಿ ಗೊತ್ತು, ನಾಲಿಗೆಗೆ ಅಷ್ಟಕ್ಕಷ್ಟೇ. ಬೆಂಗಳೂರಿನ ಹುಡುಗನನ್ನು ಕಟ್ಟಿಕೊಂಡ ಮೇಲೆ ಸ್ವಲ್ಪ ಸುಧಾರಿಸಿತು. ಈಗ ಅವಳದು ಅರ್ಧ ಬೆಂಗಳೂರು, ಕಾಲು ಧಾರವಾಡ, ಉಳಿದದ್ದು ಬಾಯಿಗೆ ಬಂದದ್ದು. ಗಂಡ ಹೆಂಡತಿ ಇಬ್ಬರೂ ಕೋಲ್ಕತ್ತದ್ದೇ ನ್ಯೂ ಟೌನಿನಲ್ಲಿ ಕೆಲಸ ಮಾಡುತ್ತಾರೆ, ಅಲ್ಲೇ ಎತ್ತರದ ಒಂದು ಕಟ್ಟಡದಲ್ಲಿ ಇದ್ದಾರೆ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯ ಸಲ ನಿಂತಾಗ ಅವಳು ಯಾರಿಗೂ ಹೇಳಲಿಲ್ಲ, ನನಗೂ. ಐದನೆಯ ತಿಂಗಳಲ್ಲಿ, ಹೊಟ್ಟೆ ಮುಚ್ಚಿಡಲು ಆಗದೆ ಹೋದಾಗ, ಫೋನ್ ಮಾಡಿದಳು. ಹೇಳಿದ್ದು ಒಂದೇ ಮಾತು.

“ಅವ್ವಾ, ಈಗ ಹೆಸರು ಹುಡುಕು.”

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಆಟ. ನಾನು ಬಸ್ಸಿನಲ್ಲಿದ್ದರೂ ಫೋನ್, ಅಡುಗೆಮನೆಯಲ್ಲಿದ್ದರೂ ಫೋನ್. ಹೆಣ್ಣೇ ಅಂತ ಅವಳು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು.

“ಶಾರ್ಟ್ ಇರ್ಬೇಕು ಅವ್ವಾ. ಮತ್ತೆ ಇಲ್ಲಿ ಟೀಚರ್‌ಗಳ ಬಾಯಿಗೆ ಸಿಕ್ಕಿ ರಸಗುಲ್ಲಾ ಆಗ್ಬಾರ್ದು.”

“ಹಂಗಾರ ಬನಫ್ಸಜ್ ಅಂತ ಇಡು.”

“ಛೀ! ಅದು ಕೆಮ್ಮಿನ ಔಷಧಿ ಹೆಸರ ಥರ ಇದೆ!”

“ಔಷಧಕ್ಕೂ ಹಾಕ್ತಾರ. ನೇರಳೆ ಬಣ್ಣದ ಸಣ್ಣ ಹೂವದು. ಫಾರ್ಸಿಯೊಳಗ ಬನಫ್ಶಾ. ಹಳೇ ಕಾಲಕ್ಕ ಕೊನಿಗೆ ಒಂದು ‘ಗ’ ಇತ್ತು. ಅರಬ್ಬರಿಗೆ ‘ಗ’ ಎಲ್ಲಿ ಬರಬೇಕು, ‘ಜ’ ಮಾಡ್ಕೊಂಡ್ರು.”

“ಉಫ್. ಹೆಸರು ಕೇಳಿದ್ರೆ ಅದರ ಆಧಾರ್ ಕಾರ್ಡ್ ತೆಗೆದು ಕೊಡ್ತೀಯಲ್ಲ!”

ನರ್ಗಿಸ್ ಹೇಳಿದೆ, ಅರಬ್ಬಿಯಲ್ಲಿ ನರ್ಜಿಸ್ ಆಗುತ್ತದೆ ಅಂದೆ. ಅದು ಅವಳ ಮ್ಯಾನೇಜರಿನ ಅತ್ತೆಯ ಹೆಸರಂತೆ, ಬೇಡವಾಯಿತು. ಮುತ್ತು ರತ್ನಕ್ಕೆ ಫಾರ್ಸಿಯಲ್ಲಿ ಗೌಹರ್, ಅದೇ ಅರಬ್ಬಿಯಲ್ಲಿ ಜೌಹರ್. ಅದನ್ನು ಹೇಳಿದರೆ ಗಂಡಸಿನ ಹೆಸರಿನ ಹಾಗಿದೆ ಅಂದಳು. ಒಂದು ದಿನ ನಾನೇ ರೇಗಿ, “ಹಡಿಯೂದು ನೀನು, ಇಡೂದು ನೀನು, ನನಗ್ಯಾಕ ಜೀವ ತಿಂತಿ” ಅಂತ ಫೋನ್ ಇಟ್ಟೆ. ಅರ್ಧ ಗಂಟೆಯೊಳಗೆ ನಾನೇ ತಿರುಗಿ ಮಾಡಿ ಇನ್ನೊಂದು ಹೆಸರು ಹೇಳಿದೆ. ಅದು ಅವಳಿಗೆ ಹಿಡಿಸಿತು. ಅದೂ ಒಂದು ಹೂವಿನ ಹೆಸರು, ಅದೂ ಫಾರ್ಸಿಯಿಂದ ಹೊರಟು ಅರಬ್ಬಿಯ ಮನೆ ಸೇರಿದ್ದೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನದಲ್ಲ. ಹೆಸರು ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಅವಳು ಒಂದು ಪರೀಕ್ಷೆ ಇಟ್ಟುಕೊಂಡಿದ್ದಳು. ಬಾಲ್ಕನಿಗೆ ಹೋಗಿ, ಕೆಳಗೆ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಗಟ್ಟಿಯಾಗಿ ಕೂಗಿದಳು. ನನಗೆ ಫೋನಿನಲ್ಲಿ ಕೇಳಿಸಿತು. ಕೆಳಗಿದ್ದ ಸೆಕ್ಯೂರಿಟಿಯವನು ಏನಾಯಿತು ದೀದಿ ಅಂತ ಗಾಬರಿಯಿಂದ ಕೇಳಿದನಂತೆ. ನಾವಿಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು.

ಹೆರಿಗೆಗೆ ತವರಿಗೆ ಬರಬೇಕು ಅಂತ ನಾನು ಹಿಡಿದ ಹಟಕ್ಕೆ ಒಪ್ಪಿ, ಅವಳು ಖಿದಿರ್‌ಪುರಕ್ಕೆ ಬೇಗನೆ ಬಂದಳು. ಬಂದು ವಾರವಾಗಿತ್ತಷ್ಟೆ. ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಎದ್ದು ಕೂತು, “ಅವ್ವಾ, ಇವತ್ತು ಪಾಪು ಒದೀಲೇ ಇಲ್ಲ” ಅಂದಳು. ನಾನು ಸಕ್ಕರೆ ನೀರು ಕುಡಿಸಿದೆ. ಎಡಕ್ಕೆ ಮಲಗು ಅಂದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಬ್ಬರೂ ಸುಮ್ಮನೆ ಕಾದೆವು. ಆ ಕಾಯುವಿಕೆ ಯಾರ ಶತ್ರುವಿಗೂ ಬೇಡ. ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ತೆರೆಯನ್ನು ನಮ್ಮ ಕಡೆಯಿಂದ ತನ್ನ ಕಡೆಗೆ ತಿರುಗಿಸಿಕೊಂಡರು. ನನಗೆ ಆಗಲೇ ಗೊತ್ತಾಯಿತು. ಮರುದಿನ ಬೆಳಗ್ಗೆ ಹೆರಿಗೆ ಮಾಡಿಸಿದರು. ಹೆಣ್ಣೇ. ಅವಳು ಹೇಳಿದ ಹಾಗೇ.

ಮಗಳು ಒಮ್ಮೆ ಎತ್ತಿಕೊಂಡಳು. ಅಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ನನ್ನ ಕೈಗೆ ಕೊಟ್ಟಳು. “ಚಳಿ ಆಗ್ತಿದೆ ಅವಳಿಗೆ” ಅಂದಳು. ನಾನು ಸೆರಗಿನಲ್ಲಿ ಸುತ್ತಿಕೊಂಡೆ.

ಅಳಿಯನನ್ನು ಅವಳ ಹತ್ತಿರ ಬಿಟ್ಟು, ನಾನೂ ನನ್ನ ಗಂಡನೂ ಮಗುವನ್ನು ಮನೆಗೆ ತಂದೆವು. ಹೆಣ್ಣುಮಗು, ತೊಳೆಯುವವಳು ನಾನೇ. ಹಿತ್ತಾಳೆಯ ಅಗಲ ಪರಾತದಲ್ಲಿ ಮಲಗಿಸಿ, ಉಗುರುಬೆಚ್ಚಗಿನ ನೀರನ್ನು ತಂಬಿಗೆಯಿಂದ ಸ್ವಲ್ಪಸ್ವಲ್ಪವೇ ಹಾಕಿದೆ. ಎಷ್ಟು ನೀರು ಬೇಕು ಅಷ್ಟು ಸಣ್ಣ ಮೈಗೆ? ತಂಬಿಗೆ ಖಾಲಿಯೇ ಆಗಲಿಲ್ಲ. ಕಿವಿ ನನ್ನ ಗಂಡನ ಕಿವಿಯ ಅಚ್ಚು, ಮೇಲೆ ಸ್ವಲ್ಪ ಮಡಿಚಿಕೊಂಡದ್ದು. ಕೊನೆಯ ಸಲದ ನೀರಿಗೆ ಕರ್ಪೂರ ಹಾಕಬೇಕು. ಪುಡಿ ಮಾಡಿ ಹಾಕಿದೆ, ವಾಸನೆ ಬಂತು. ಬಂದ ಕೂಡಲೇ ನನ್ನ ಹಾಳು ತಲೆ ತನ್ನ ಕೆಲಸ ಶುರು ಮಾಡಿತು. ಕಾಫೂರ್, ನಮ್ಮ ಕಡೆಯ ಕರ್ಪೂರವೇ, ಫಾರ್ಸಿಯ ದಾರಿ ಹಿಡಿದು ಅರಬ್ಬಿಗೆ ಹೋದದ್ದು. ಅಯ್ಯೋ, ಈ ಹೊತ್ತಿಗೂನಾ! ಸುಮ್ಮನಿರು ಅಂತ ನನಗೆ ನಾನೇ ಬಾಯಿಬಿಟ್ಟು ಬೈದುಕೊಂಡೆ. ಹೊರಗೆ ನಿಂತಿದ್ದ ಗಂಡ, ತನಗೆ ಹೇಳಿದೆ ಅಂದುಕೊಂಡು, “ನಾನೇನೂ ಅನ್ನಲಿಲ್ಲಲ್ಲ” ಅಂದರು.

ಬಿಳಿ ಬಟ್ಟೆ ಸುತ್ತಿ ಹೊರಗೆ ತಂದಾಗ ಬೀಗರು ಬಂದು ಕೂತಿದ್ದರು. ನನ್ನ ಅಳಿಯನ ತಂದೆ. ಸೊಸೆಯನ್ನು ದವಾಖಾನೆಗೆ ಸೇರಿಸಿದ ಸುದ್ದಿ ತಿಳಿದು ಬೆಂಗಳೂರಿನಿಂದ ವಿಮಾನ ಹತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ದೀನು ಧರ್ಮದ ಕಡೆ ಬಹಳ ವಾಲಿದ್ದ ಮನುಷ್ಯ. ಒಳ್ಳೆಯವರೇ. ಎದ್ದು ಬಂದು ನನ್ನ ಕೈಯಿಂದ ಮಗುವನ್ನು ಇಸಿದುಕೊಂಡರು, ಮುಖದ ಮೇಲಿನ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಹೆಸರಿನ ಮಾತು ತೆಗೆದರು.

“ನೋಡಿ ಟೀಚರಮ್ಮ, ನನ್ನದೊಂದೇ ಮಾತು. ಹೆಸರು ಅಪ್ಪಟ ಅರಬ್ಬೀದೇ ಇರ್ಲಿ. ಗುಲ್ ಗಿಲ್ ಅಂತ ಫಾರ್ಸಿ ಹೆಸರು ಬೇಡ. ಆ ದಿನ ಕರೆಯೋರು ಅರಬ್ಬೀಲಿ ಕರೀತಾರೆ. ಮಗು ಅದು. ತನ್ನನ್ನೇ ಕರೆದದ್ದು ಅಂತ ಗೊತ್ತಾಗ್ದೆ ಕಂಗಾಲಾಗಿ ನಿಂತ್ಬಿಟ್ರೆ?”

ನನ್ನ ಗಂಡ ತಲೆಯಾಡಿಸಿದರು. ಅಲ್ಲಿಗೆ ನಿಂತಿದ್ದರೆ ಎಲ್ಲ ಸರಿಯಿರುತ್ತಿತ್ತು. ಅವರು ಕಣ್ಣೊರೆಸಿಕೊಂಡು ಮುಂದುವರಿಸಿದರು.

“ಫಿರ್ದೌಸ್ ಅಂತ ಇಟ್ಬಿಡೋಣ. ಸ್ವರ್ಗದ ಹೆಸರೇ. ಅದಕ್ಕಿಂತ ಅರಬ್ಬಿ ಇನ್ಯಾವುದಿದೆ?”

ಬಾಯಿ ಸುಮ್ಮನಿರಬೇಕಲ್ಲ ನನ್ನದು!

“ಅದೂ ಫಾರ್ಸೀದs ರೀ ಬೀಗರs,” ಅಂದೆ. “ಸುತ್ತ ಗ್ವಾಡಿ ಕಟ್ಟಿದ ತ್ವಾಟಕ್ಕ ಇರಾನದ ಮಂದಿ ಇಟ್ಟ ಹೆಸರದು. ಅರಬ್ಬರು ಇಸಗೊಂಡ್ರು. ಅಪ್ಪಟ ಅಂತ, ಅಪ್ಪಟ! ಸ್ವರ್ಗದೊಳಗ ಉಡೂ ಜರಿಬಟ್ಟಿ, ಇಸ್ತಬ್ರಕ್, ಅದೂ ಫಾರ್ಸಿ. ಅಲ್ಲಿ ಕುಡ್ಯಾಕ ಕೊಡೂ ಹೂಜಿ ಫಾರ್ಸಿ. ಕಸ್ತೂರಿ ಫಾರ್ಸಿ. ಅದರಾಗ ಹಾಕೂ ಶುಂಠಿ ಕರ್ಪೂರ ನಮ್ಮ ಕಡಿಯಿಂದ ಹೋಗಿದ್ದು. ಎಲ್ಲಾ ತಗದ ಒಗದ್ರ ಆ ಸ್ವರ್ಗದಾಗ ಏನ್ ಉಳೀತೈತ್ರಿ? ನನ್ನ ಕೂಸಿಗೆ ಮಾತ್ರ ಅಪ್ಪಟ ಆಗಿ ಬಾ ಅಂತೀರಿ? ಆ ಬಾಗಲಾಗೂ ಜಾತಿ ಕೇಳವರ ಅದಾರೇನು?”

ದನಿ ಎಲ್ಲಿಗೋ ಹೋಗಿತ್ತು. ಕೆಳಗಿನ ಮನೆಯ ಬಂಗಾಳಿ ಹೆಂಗಸು ಮೆಟ್ಟಿಲ ತನಕ ಬಂದು ನಿಂತಿದ್ದಳು. ನನಗೆ ಸಿಟ್ಟಿದ್ದದ್ದು ಆ ಪಾಪದ ಮನುಷ್ಯನ ಮೇಲಲ್ಲ. ಕಮಾನು ಬಾರಿಸುತ್ತ ನಗುತ್ತಿದ್ದ ಅಪ್ಪನ ಎದುರು ನಿಂತವರ ಮೇಲೆ, ಡಾಕ್ಟರಮ್ಮನ ಮೇಲೆ, ಒದೆಯದೆ ಹೋದ ಈ ಮಗುವಿನ ಮೇಲೆ ಕೂಡ. ನನ್ನ ಗಂಡ ಮೆಲ್ಲಗೆ ಹತ್ತಿರ ಬಂದರು.

“ಸಾಕು ಮಾಡು ಇನ್ನ. ಕೂಸು ಕೇಳಸ್ಕೊಳ್ಳಾಕತ್ತೈತಿ.”

ಬೀಗರು ಚಪ್ಪಲಿ ಬಿಡುವ ಜಾಗದಲ್ಲೇ ನೆಲಕ್ಕೆ ಕೂತುಬಿಟ್ಟರು, ಮಗುವನ್ನು ಎದೆಗೊತ್ತಿಕೊಂಡು. ಅಷ್ಟು ದೊಡ್ಡ ಮೈಯ ಗಂಡಸು ಸದ್ದು ಮಾಡಿ ಅಳುವುದನ್ನು ನಾನು ನೋಡಿರಲಿಲ್ಲ. “ನಂಗೆ ಅಷ್ಟೆಲ್ಲ ಗೊತ್ತಿಲ್ಲಮ್ಮ. ನೀವು ಓದಿರೋರು. ಹಂಗಾದ್ರೆ ಅಲ್ಲಿ ನಾನು ಏನಂತ ಹೇಳ್ಲಿ? ಇವಳಿಗೆ ಕೊಡೋಕೆ ನಮ್ಮ ಹತ್ರ ಇರೋದು ಅದೊಂದೇ, ಅದನ್ನೂ ತಪ್ಪು ಅಂದ್ರೆ ನಾನೇನು ಕೊಡ್ಲಿ?” ಅಂದರು. ಪಕ್ಕದಲ್ಲಿ ಕೂತೆ. ತಪ್ಪೇನಲ್ಲ ರೀ, ಹೆಸರು ಚೆನ್ನಾಗಿಯೇ ಇದೆ ಅಂದೆ. ಅವರು ಬೇಡ ಬೇಡ ಅಂತ ತಲೆಯಾಡಿಸಿದರು. ಒಮ್ಮೆ ಅನುಮಾನ ಹುಟ್ಟಿದ ಮೇಲೆ ಅವರ ಬಾಯಲ್ಲಿ ಆ ಹೆಸರು ಬರಲೇ ಇಲ್ಲ.

ಕಡೆಗೆ ನನ್ನ ಗಂಡ ಒಂದು ದಾರಿ ಹೇಳಿದರು. ಮಗಳು ಆರಿಸಿದ ಹೆಸರು ಇದ್ದೇ ಇದೆಯಲ್ಲ. ಅದನ್ನೇ ಕೊಡಲು ಅವಳು ಒಪ್ಪುತ್ತಾಳೋ ಕೇಳು. ನಾವು ಗಂಡಸರು ಖಬರಸ್ತಾನಕ್ಕೆ ಹೋಗಿರುತ್ತೇವೆ, ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲ. ನೀನು ದವಾಖಾನೆಗೆ ಹೋಗಿ ಅಳಿಯನನ್ನು ಕಳಿಸು, ಹೆಸರು ಹೇಳುವ ಹೊತ್ತಿಗೆ ಫೋನ್ ಮಾಡುತ್ತೇನೆ. ಹೀಗಂದು, ಬೀಗರ ಕೈಯಿಂದ ಮಗುವನ್ನು ಎತ್ತಿಕೊಂಡು ನನ್ನ ಮುಖದ ಹತ್ತಿರ ತಂದು ಹಿಡಿದರು. ಹಣೆಗೆ ಮುತ್ತು ಕೊಟ್ಟೆ. ಕರ್ಪೂರದ ವಾಸನೆ ತುಟಿಗೆ ಹತ್ತಿತು.

ದವಾಖಾನೆಯಲ್ಲಿ ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಲು ಬಂದರೆ ಎದೆಗೆ ಬಟ್ಟೆ ಬಿಗಿಯಾಗಿ ಕಟ್ಟಬೇಕು ಅಂತ ಆಯಾ ಬಂಗಾಳಿಯಲ್ಲಿ ಹೇಳಿ ಹೋದಳು. ಅಳಿಯ ಎದ್ದು ನಿಂತ. ಹೋಗಪ್ಪ, ಅವರು ಕಾಯುತ್ತಿದ್ದಾರೆ ಅಂತ ನಾನೇ ಕಳಿಸಿದೆ. ಮಂಚದ ತುದಿಗೆ ಕೂತು ಮಗಳ ತಲೆ ಸವರಿದೆ. ಹೇಗೆ ಕೇಳಲಿ? ಅವಳೇ ಈ ಕಡೆ ತಿರುಗಿದಳು.

“ಹೆಸರು ಕೇಳೋಕೆ ಬಂದೆ, ಅಲ್ವಾ?”

“ಹೂಂ ನನ್ನವ್ವಾ.”

“ಅದನ್ನ ಕೊಡಲ್ಲ ಅವ್ವಾ.”

ನಾನು ಅವಳ ಹೊದಿಕೆ ಸರಿಮಾಡಿದೆ.

“ಅದು ನಾನು ಜೋರಾಗಿ ಕೂಗೋ ಹೆಸರು. ಸ್ಕೂಲ್ ಗೇಟ್ ಹತ್ರ. ಬಾಲ್ಕನಿಯಿಂದ. ಬಯ್ಯೋವಾಗ. ಅದನ್ನ ಮಣ್ಣಲ್ಲಿ ಇಟ್ಬಿಟ್ರೆ ಆಮೇಲೆ ಕೂಗೋದು ಹೇಗೆ? ಇನ್ನೊಬ್ಬಳು ಬಂದ್ರೆ ಅವಳಿಗೆ ಏನಂತ ಕರೀಲಿ?” ಅಂದು, ನನ್ನ ಮುಖವನ್ನೇ ನೋಡಿದಳು. “ಬರ್ತಾಳಲ್ವಾ ಅವ್ವಾ?”

ಡಾಕ್ಟರಮ್ಮ ಬೆಳಗ್ಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೆ ನೆನಪಾಯಿತು. ಇನ್ನೊಂದು ಬಸಿರು ಬೇಡ, ಇವಳ ಮೈ ತಾಳುವುದಿಲ್ಲ, ಸ್ವಲ್ಪ ದಿನ ಬಿಟ್ಟು ನಿಧಾನವಾಗಿ ತಿಳಿಸೋಣ ಅಂದಿದ್ದರು.

“ಬಂದs ಬರ್ತಾಳ,” ಅಂದೆ.

ಅವಳು ಕಣ್ಣು ಮುಚ್ಚಿದಳು. ಕಣ್ಣೀರು ಕಿವಿಯ ಕಡೆ ಇಳಿಯಿತು. “ಬೇರೆ ಯಾವುದಾದ್ರೂ ಕೊಡು. ನಿನ್ ಹತ್ರ ಎಷ್ಟೊಂದು ಹೆಸರಿವೆ. ಆದ್ರೆ ಯಾರದ್ದೋ ಥರ ಇರ್ಬಾರ್ದು. ಅವಳು ನಮ್ಮೋಳು ಅಂತ ಗೊತ್ತಾಗ್ಬೇಕು. ಒಬ್ಬಳೇ ಹೋಗ್ತಿದ್ದಾಳೆ ಅವ್ವಾ, ಅವಳಿಗೆ ಅಲ್ಲಿ ಯಾರೂ ಗೊತ್ತಿಲ್ಲ. ನಮ್ಮ ದನಿ ಕೂಡ ಸರಿಯಾಗಿ ಕೇಳಿಲ್ಲ.”

ಎಷ್ಟೊಂದು ಹೆಸರು! ಹೌದು, ಬೇಕಾದಷ್ಟಿದ್ದವು. ಮಲ್ಲಿಗೆ, ಕಾಡುಗುಲಾಬಿ, ದಾಳಿಂಬೆಯ ಹೂವು, ದೀಪ, ಹರಳು, ಒಂದೊಂದಕ್ಕೂ ಯಾವ ಊರಿಂದ ಯಾವ ಊರಿಗೆ ಹೋಯಿತು, ದಾರಿಯಲ್ಲಿ ಯಾವ ಅಕ್ಷರ ಕಳೆದುಕೊಂಡಿತು ಅಂತ ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಒಂದಾದರೂ ಕೊಡೋಣ ಅಂತ ನೋಡಿದೆ. ಯಾವುದನ್ನು ಎತ್ತಿಕೊಂಡರೂ ಅಂಗಡಿಯಲ್ಲಿ ಹರವಿಟ್ಟ ಬಟ್ಟೆಯ ಹಾಗೆ ಕಂಡಿತು, ಯಾರೂ ತೊಟ್ಟಿರದದ್ದು. ನನ್ನ ಓದಿಗೆ ಬೆಂಕಿ ಬೀಳಲಿ ಅನ್ನಿಸಿತು. ಜೀವಮಾನವೆಲ್ಲ ಇದನ್ನೇ ಮಾಡಿದವಳಿಗೆ ಬೇಕಾದ ಹೊತ್ತಿಗೆ ಒಂದು ಹೆಸರು ಸಿಗಬಾರದೇ?

ಫೋನ್ ಬಂತು. ಮಗಳಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ. ಹಿಂದೆ ಕಾಗೆಗಳ ಸದ್ದು, ದೂರದಲ್ಲಿ ಲಾರಿಗಳ ಸದ್ದು.

“ಏನಂತ ಹೇಳ್ಲಿ?” ಅಂದರು ನನ್ನ ಗಂಡ. “ಎಲ್ಲಾರೂ ನಿಂತಾರ. ಅಳಿಯಾ ಬಂದ. ಕೇಳಿದೇನು ಆಕೀನ್ನ?”

ಮಗಳು ನನ್ನನ್ನೇ ನೋಡುತ್ತಿದ್ದಳು.

“ನನ್ನ ಹೆಸರು ಹೇಳ್ರಿ,” ಅಂದೆ.

“ಆಂ?”

“ನನ್ನ ಹೆಸರs ಇಡ್ರಿ ಆಕಿಗೆ.”

ದನಿ ತಗ್ಗಿಸಿ, ಅಲ್ಲಿದ್ದವರಿಂದ ದೂರ ಸರಿದು ಹೇಳಿದ ಹಾಗಿತ್ತು. “ಹುಚ್ಚಿ ಅದೀಯೇನ ನೀನು? ಉಸಿರಾಡವರ ಹೆಸರು ಯಾರರ ಮಣ್ಣಿಗೆ ಕೊಡ್ತಾರ? ಅಪಶಕುನ ಆಕೈತಿ. ನನ್ನ ಬಾಯಿಂದ ಬರೂದಿಲ್ಲ ಅದು.”

“ನನ್ನದದು. ನಮ್ಮಪ್ಪ ಕೊಟ್ಟಿದ್ದು. ನಾ ಯಾರಿಗೆ ಬೇಕಾದ್ರೂ ಕೊಡ್ತೀನಿ. ಆ ದಿನ ಕರದಾಗ ಆಕಿಗೆ ತಿಳೀಲಿಲ್ಲ ಅಂದ್ರ ನನಗರ ತಿಳೀತೈತಿ. ನಾ ಎದ್ದು ಬಂದು ಆಕೀನ್ನ ಎತ್ಕೋತೀನಿ. ಇಬ್ಬರಿಗೂ ಒಂದs ಹೆಸರಿದ್ರ ತಪ್ಪಿಸ್ಕೊಳ್ಳೂದಿಲ್ಲ. ಹೇಳ್ರಿ.”

ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡೆ.

“ಬೀಗರು ಅರಬ್ಬಿಯೋ ಫಾರ್ಸಿಯೋ ಅಂತ ಕೇಳಿದ್ರ, ಎರಡೂ ಹೌದು ಅನ್ರಿ. ಅಲ್ಲಿಂದ ಇಲ್ಲಿಗೆ ಬಂದಿದ್ದು. ನಮ್ಮಪ್ಪಗ ಅದೇನೂ ಗೊತ್ತಿರ್ಲಿಲ್ಲ, ಕಿವಿಗೆ ಚಂದ ಐತಿ ಅಂತ ಇಟ್ಟಿದ್ದ.”

ಅವರು ಫೋನ್ ಇಡಲಿಲ್ಲ, ಜೇಬಿಗೆ ಹಾಕಿಕೊಂಡರು ಅಂತ ಕಾಣುತ್ತದೆ. ಬಟ್ಟೆ ಉಜ್ಜಿದ ಸದ್ದು ಬಂತು. ಬೀಗರ ದನಿ ಏನೋ ಕೇಳಿತು, ನನ್ನ ಗಂಡ ಏನೋ ಹೇಳಿದರು. “ಬಹಳ ಒಳ್ಳೇದು, ಬಹಳ ಒಳ್ಳೇದು” ಅಂತ ಬೀಗರು ಅಂದದ್ದು ಕೇಳಿಸಿತು. ಆಮೇಲೆ ಕಾಗೆಗಳ ಸದ್ದಷ್ಟೆ. ಯಾರೋ ಬಗ್ಗಿದ ಹಾಗೆ, ಮೊಣಕಾಲು ಮಣ್ಣಿಗೆ ಊರಿದ ಹಾಗೆ ಒಂದು ಸದ್ದು. ಮಗಳು ಎದ್ದು ಕೂತಿದ್ದಳು. ಫೋನನ್ನು ಅವಳ ಮಡಿಲಲ್ಲಿ ಇಟ್ಟೆ.

ಆಗ ನನ್ನ ಗಂಡನ ದನಿ ಬಂತು. ನನ್ನನ್ನು ಹೆಸರು ಹಿಡಿದು ಕರೆದರು. ಮದುವೆಯಾದಂದಿನಿಂದ ನಾನು ಕೇಳಿಕೊಂಡು ಬಂದ ದನಿ. ಬೇರೆ ಗಂಡಸರ ಹಾಗೆ ಏ, ಲೇ ಅಂದವರಲ್ಲ, ಮೆಟ್ಟಿಲ ಕೆಳಗಿನಿಂದಲೂ ಬಜಾರದ ಚೀಲ ಹಿಡಿದು ಹೆಸರೇ ಕೂಗುವವರು. ಅದೇ ದನಿಯಲ್ಲಿ, ಆದರೆ ಬಹಳ ಮೆಲ್ಲಗೆ, ಎಚ್ಚರವಾದೀತು ಅನ್ನುವ ಹಾಗೆ ಕರೆದರು.

“ಹೋಗಿ ಬಾ ಯವ್ವಾ. ಹೆದರಬ್ಯಾಡ. ಹೋಗಿ ಬಾ ನನ್ನವ್ವಾ.”

ಮತ್ತೆ ಒಮ್ಮೆ ನನ್ನ ಹೆಸರು ಹೇಳಿದರು. ಈ ಸಲ ದನಿ ನಡುವೆಯೇ ಮುರಿಯಿತು, ಆಮೇಲೆ ಮಣ್ಣು ಬಿದ್ದ ಸದ್ದು.

ನಾನು ಅಲ್ಲಿ, ಆ ಮಂಚದ ಮೇಲೆಯೇ ಕೂತಿದ್ದೆ. ಮಗಳು ಎರಡೂ ಕೈಗಳಿಂದ ನನ್ನ ಕೈಯನ್ನು ಹಿಡಿದುಕೊಂಡಳು, ನಾನೇ ಎಲ್ಲಿಗೋ ಹೊರಟಿದ್ದೇನೆ ಅನ್ನುವ ಹಾಗೆ, ಉಗುರು ಒಳಗೆ ಇಳಿಯುವಷ್ಟು ಬಿಗಿಯಾಗಿ. ಬಿಡಿಸಿಕೊಳ್ಳಲಿಲ್ಲ ನಾನು.